ಗಾಯಕನ ಮಾವನಿಗೆ ಒಪ್ಪಿಗೆ ಇರಲಿಲ್ಲ

ಇಂಗ್ಲಿಷ್ ಮಾತು ತಿಳಿಯುವುದು ಬೇರೆ, ಇಂಗ್ಲಿಷ್ ಹಾಡು ತಿಳಿಯುವುದು ಬೇರೆ. ಮಾತನಾಡುವಾಗ ನೆಟ್ಟಗಿರುವ ಇಂಗ್ಲಿಷರು ಹಾಡಲು ನಿಂತರೆಂದರೆ ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡವರಂತಾಗುತ್ತಾರೆ. ಲಂಡನ್ನಿನಲ್ಲಿ ಹತ್ತಾರು ವರ್ಷ ಜಿ.ಪಿ., ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದರೂ ನನಗೆ ಹಾಡಿನಲ್ಲಿ 'ಲವ್' ಮತ್ತು 'ಬೇಬಿ' ಬಿಟ್ಟರೆ ಮಿಕ್ಕದ್ದೆಲ್ಲ ಆಲಾಪನೆಯೇ.

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವ ಧಾರವಾಡದಿಂದ ಕಿಂಗ್ಸ್‌ಬರಿಯ ನಮ್ಮ ಮನೆಗೆ ಬಂದಳು. ಬಂದ ವಾರದಲ್ಲೇ ಬೇಸರ ಶುರುವಾಯಿತು. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ. "ಟಿಕೀಟು ಬದಲಿ ಮಾಡಸು, ನಾ ಹೊಳ್ಳಿ ಹೋಗ್ತೇನಿ" ಎಂದು ದಿನವೂ ಹೇಳತೊಡಗಿದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಮಾರ್ಗರೆಟ್ ಕ್ರಿಸ್‌ಮಸ್ ಉಡುಗೊರೆಯೆಂದು ಒಂದು ಸಿ.ಡಿ. ಕೊಟ್ಟರು. ಎಪ್ಪತ್ತರ ದಶಕದಲ್ಲಿ ತಾನೇ ಬರೆದು ತಾನೇ ಹಾಡುತ್ತಿದ್ದ ಒಬ್ಬ ಗಾಯಕನ ಆಯ್ದ ಹಾಡುಗಳ ಸಂಕಲನ ಅದು. ಮುಖಪುಟದಲ್ಲಿ ಭುಜದವರೆಗೆ ಕೂದಲು ಬಿಟ್ಟ ತರುಣನೊಬ್ಬ ಸಮುದ್ರವನ್ನು ನೋಡುತ್ತ ನಿಂತಿದ್ದ. ಅವ್ವ ಅವನನ್ನು ಬಹಳ ಹೊತ್ತು ನೋಡಿ, "ಕ್ಷೌರಾ ಮಾಡಿಸ್ಕೊಳ್ಳಾಕೂ ಮನಸ್ಸಿಲ್ಲ ಪಾಪ, ಏನೋ ದುಃಖ ಅದ" ಎಂದಳು.

ಹುರುಳಿಕಾಯಿ ನಾರು ತೆಗೆಯುತ್ತ ಮೊದಲ ಹಾಡು ಕೇಳಿ, "ಏನಂತಾನ ಇಂವಾ?" ಎಂದು ಕೇಳಿದಳು. ಮಗ ದೊಡ್ಡ ಡಾಕ್ಟರು, ತಿಳಿಯಲಿಲ್ಲ ಎನ್ನಲು ಬಾಯಿ ಬರಲಿಲ್ಲ. "ಒಬ್ಬಾಕಿ ಹುಡುಗೀನ್ನ ನೆನಸಿ ಅಳಾಕತ್ಯಾನ" ಎಂದೆ. ಎಲ್ಲ ಹಾಡುಗಳಲ್ಲೂ ಇರುವುದು ಅದೇ ತಾನೇ? ಆದರೆ ಎರಡನೆಯ ಹಾಡು ಕುಣಿಯುವಂಥದ್ದು. ಕೀರ್ತನೆ ಕೇಳಿ ಬೆಳೆದ ಅವ್ವನಿಗೆ ಹಾಡೆಂದರೆ ಹಿಂದುಮುಂದು ಕಥೆ ಇರಲೇಬೇಕು. "ಈಗರೆ ಅಳತಿದ್ದ, ಈಗ್ಯಾಕ ನಗತಾನ?" ಎಂದಳು. "ಅಕಿ ಪತ್ರಾ ಬಂತು" ಎಂದೆ. ಮೂರನೆಯದರಲ್ಲಿ ಮತ್ತೆ ಅಳು. ವಿಧಿಯಿಲ್ಲದೆ ಹುಡುಗಿಯ ಅಪ್ಪನನ್ನು ತಂದು ನಿಲ್ಲಿಸಿದೆ.

ಆಮೇಲೆ ಟಿಕೆಟ್ಟಿನ ಮಾತು ನಿಂತಿತು. ಸಂಜೆ ನಾನು ಕೋಟು ತೆಗೆಯುವ ಮೊದಲೇ, "ಅಪ್ಪ ಒಪ್ಪಿದನೇನ?" ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ದವಾಖಾನೆಯಲ್ಲಿ ಕೂತು ರೋಗಿಯ ರಕ್ತದೊತ್ತಡ ನೋಡುತ್ತಲೇ ನಾನು ಮುಂದಿನ ಹಾಡಿನಲ್ಲಿ ಆ ಮುದುಕನಿಗೆ ಏನು ಮಾಡಿಸಲಿ ಎಂದು ಯೋಚಿಸುತ್ತಿದ್ದೆ. ಹಡಗು ಹತ್ತಿಸಿದೆ, ಜ್ವರ ಬರಿಸಿದೆ, ಮನಸ್ಸು ಮಾತ್ರ ಕರಗಿಸಲಿಲ್ಲ. ಕಥೆ ಮುಗಿದರೆ ಅವ್ವ ಊರಿಗೆ ಹೊರಟಾಳೆಂಬ ಭಯ.

ಒಂದು ಭಾನುವಾರ ಮಾರ್ಗರೆಟ್ ಚಹಾಕ್ಕೆ ಬಂದರು. ಅವ್ವ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದವಳು, ನಿಧಾನದ ಇಂಗ್ಲಿಷು ಅವಳಿಗೆ ಸಾಕು. ಮೊದಲ ಹಾಡು ಹಚ್ಚಿಸಿ, "ದಿಸ್ ಬಾಯ್ ವೆರಿ ಸ್ಯಾಡ್. ಗರ್ಲ್ಸ್ ಫಾದರ್ ವೆರಿ ಬ್ಯಾಡ್" ಎಂದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ.

ಮಾರ್ಗರೆಟ್ ಅವ್ವನ ಕೈ ಮೇಲೆ ಕೈಯಿಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದರು. ಇದರಲ್ಲಿ ಹುಡುಗಿ ಯಾರೂ ಇಲ್ಲ. ಇದು ಅವನ ನಾಯಿ ಸತ್ತಾಗ ಬರೆದ ಹಾಡು. ಕುಣಿಯುವ ಹಾಡು? ಅದು ಬಸ್ಸು ತಡವಾಗಿ ಬಂದದ್ದರ ಕುರಿತು. ನಾನು ಹುಡುಗ ಹುಡುಗಿ ಇಬ್ಬರನ್ನೂ ಬಂದರಿನಲ್ಲಿ ನಿಲ್ಲಿಸಿ ಅಳಿಸಿದ ಆ ವಿದಾಯ ಗೀತೆಯಲ್ಲಿ ಅವನು ಬೀಳ್ಕೊಟ್ಟದ್ದು ಸಿಗರೇಟನ್ನಂತೆ.

ಮಾರ್ಗರೆಟ್ ಹೋದ ಮೇಲೆ ಅವ್ವ ಸಿ.ಡಿ.ಯನ್ನು ತೆಗೆದು ಅದರ ಡಬ್ಬಿಯಲ್ಲಿಟ್ಟಳು. ಇನ್ನು ಟಿಕೆಟ್ಟು ಬದಲಾಯಿಸುವುದೇ ಎಂದುಕೊಂಡೆ.

"ನಾಯಿ, ಪಾಪ" ಎಂದಳು. ಮುಖಪುಟದ ತರುಣನನ್ನು ಮತ್ತೊಮ್ಮೆ ನೋಡಿ, "ನಿನ್ನ ಕಥೀನೂ ಚೊಲೋ ಇತ್ತು ಬಿಡು. ಮಾರ್ಗರೆಟ್ ನಾಳೆ ಉಳಿದ ಹಾಡಿನ ಅರ್ಥ ಹೇಳಾಕ ಬರ್ತಾಳಂತ, ಬರಲಿ. ನನಗ ಇನ್ನೊಂದು ಚಿಂತಿ ಹತ್ಯದ" ಎಂದಳು.

"ಏನವ್ವಾ?"

"ದವಾಖಾನ್ಯಾಗ ಮಂದಿ ತಮ್ಮ ಜಡ್ಡು ಹೇಳತಾರಲ್ಲ, ಅದರೆ ನಿನಗ ಖರೇ ತಿಳೀತದೋ, ಇಲ್ಲಾ ಅದನ್ನೂ ಹಿಂಗs ಹೊಂದಸ್ತೀಯೋ?"

ಅವರು ಹಾಡುವುದಿಲ್ಲವಲ್ಲ ಎಂದು ನಕ್ಕೆ. ಆದರೆ ಸೋಮವಾರದ ಮೊದಲ ರೋಗಿಗೆ, ಎಲ್ಲಿ ನೋವು ಎಂದು ಕೇಳಿ, ಖಾತ್ರಿಗೆಂದು ಮತ್ತೆ ಕೇಳಿ, ಇನ್ನೊಮ್ಮೆಯೂ ಕೇಳಿದೆ. ಆತ ನನ್ನನ್ನು ಕರುಣೆಯಿಂದ ನೋಡಿ, ನಿನ್ನೆ ತಾನೇ ಹಡಗಿನಿಂದ ಇಳಿದವನಿಗೆ ಹೇಳುವಂತೆ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಮೊಣಕಾಲನ್ನು ಮುಟ್ಟಿ ತೋರಿಸಿದ.