ಮೌಶಿ ಮತ್ತು ಹಳಿಯ ಪಾಲು

ನಮ್ಮ ಮೌಶಿಯೊಂದಿಗೆ ಪಿಕ್ನಿಕ್‌ಗೆ ಹೋಗಿ, ಹೋದಷ್ಟೇ ನಗುತ್ತ ಮರಳಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಅವರ ಕಾಲಿಗೆ ಬೀಳುತ್ತೇನೆ!

ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲೇ ಬೇರುಬಿಟ್ಟ ಮನೆತನ ನಮ್ಮದು. ಮೌಶಿ ಸರ್ಕಾರದ ಲೆಕ್ಕಪತ್ರದ ಕಚೇರಿಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದರೆ, "ನೋಡಾಕ ಬಂದವರು ನನಗ ಪ್ರಶ್ನೆ ಕೇಳಿದ್ರು. ನಾನೂ ತಿರುಗಿ ಒಂದು ಕೇಳಿದೆ. ಎದ್ದ ಹೋದ್ರು" ಎನ್ನುತ್ತಾಳೆ.

ಅವಳ ಪ್ರಶ್ನೆಯೇ ಹಾಗೆ. ಜನ ಯಾವುದನ್ನು ನಂಬಿ ಹತ್ತಿ ಕುಳಿತಿದ್ದಾರೋ ಅದನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ? ಒಮ್ಮೆ ಒಂದು ದೊಡ್ಡ ಅಂಗಡಿಯ ಲಿಫ್ಟ್‌ನಲ್ಲಿ ನಾವು ಮೇಲೆ ಹೋಗುತ್ತಿದ್ದಾಗ, "ಇದರ ಹಗ್ಗ ಬದಲಿ ಮಾಡಿದ್ದು ಯಾವಾಗ?" ಎಂದು ಲಿಫ್ಟ್‌ನವನನ್ನು ಕೇಳಿದಳು. ಅವನು ತಲೆಯೆತ್ತಿ ಮೇಲೆ ನೋಡಿದ. ಅವನು ನೋಡಿದ್ದನ್ನು ಕಂಡು ಉಳಿದವರೂ ಮೇಲೆ ನೋಡಿದರು. ಮುಂದಿನ ಮಹಡಿ ಬರುವುದೇ ತಡ, ಎಲ್ಲರೂ ಇಳಿದುಬಿಟ್ಟರು. ಲಿಫ್ಟ್‌ನವನೂ!

ಇಂಥವಳನ್ನು ನಾನು ಕ್ವಾರಿ ರೈಲಿಗೆ ಕರೆದುಕೊಂಡು ಹೋದೆ. ಯಾವ ಘಳಿಗೆಯಲ್ಲಿ ಹೋದೆನೋ!

ಶಂಶಾಬಾದ್ ದಾಟಿ ಇನ್ನೂ ಒಳಗೆ ಹೋದರೆ ಒಂದು ಹಳೆಯ ಕಲ್ಲಿನ ಕ್ವಾರಿ. ಕಲ್ಲು ಸಾಗಿಸಲು ಎಂದೋ ಹಾಕಿದ ಕಿರಿದಾದ ಹಳಿ. ಕ್ವಾರಿ ನಿಂತುಹೋದ ಮೇಲೆ ಮಾಲೀಕರು ಅದೇ ಹಳಿಯ ಮೇಲೆ ಬಣ್ಣ ಬಳಿದ ಡಬ್ಬಿಗಳನ್ನು, ಅಂದರೆ ಬೋಗಿಗಳನ್ನು, ಓಡಿಸಿ ಪ್ರವಾಸಿಗರ ರೈಲು ಮಾಡಿದ್ದರು. ತಲೆಯ ಮೇಲೆ ವಿಮಾನ ಹಾರುವ ಜಾಗದಲ್ಲಿ ಜನ ಎತ್ತಿನ ಗಾಡಿಯ ವೇಗದ ರೈಲು ಹತ್ತಲು ಸಾಲು ನಿಲ್ಲುತ್ತಾರೆಂದರೆ ನಂಬುತ್ತೀರಾ? ನಿಲ್ಲುತ್ತಿದ್ದರು.

ರೈಲು ಬಂಡೆಗಳ ನಡುವೆ ನುಸುಳಿ, ಕೊನೆಗೆ ಕ್ವಾರಿಯವರು ಅಗೆದು ಬಿಟ್ಟುಹೋದ ಹೊಂಡದ ಅಂಚಿಗೆ ಬಂದು ಬಾಗುತ್ತಿತ್ತು. ಹೊಂಡದ ತುಂಬ ಕಪ್ಪು ನೀರು. ಆ ತಿರುವಿಗೆ ಬಂದೊಡನೆ, ಅಲ್ಲಿಯವರೆಗೆ ಕಚಪಚ ಎನ್ನುತ್ತಿದ್ದ ಜನ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಯಾರೂ ತಗ್ಗಿಸಿ ಎಂದು ಹೇಳಿರಲಿಲ್ಲ. ಆ ನೀರಿನಲ್ಲಿ ಎದುರಿನ ಬಂಡೆಗಳೆಲ್ಲ ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮ ರೈಲು ಮಾತ್ರ ಕಾಣುತ್ತಿರಲಿಲ್ಲ. ಕೋನ ಹಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ನಾವು ಇದ್ದೇವೋ ಇಲ್ಲವೋ ಎಂದು ಒಮ್ಮೆ ಸೀಟು ಮುಟ್ಟಿ ನೋಡಿಕೊಂಡೆ.

ಇದು ರೈಲು ಹತ್ತಿದ ಮೇಲಿನ ಮಾತು. ಹತ್ತುವ ಮೊದಲೇ ಟಿಕೆಟ್ ಕೌಂಟರಿನಲ್ಲಿ ಮೌಶಿ ತನ್ನ ಕೆಲಸ ಆರಂಭಿಸಿದ್ದಳು. ಅವಸರದಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಳು, "ಈ ಟಿಕೆಟ್ಟಿನ ದರದಾಗ ಹಳಿಯ ಪಾಲು ಎಷ್ಟು ಐತಿ?"

ಕೌಂಟರಿನಲ್ಲಿದ್ದ ತೆಲುಗು ಹೆಣ್ಣುಮಗಳು ವಿನಯದಿಂದ, "ಪಾಲು ಲೇವು ಆಂಟೀ, ಬ್ಲ್ಯಾಕ್ ಟೀ ಉಂದಿ" ಎಂದಳು. ತೆಲುಗಿನಲ್ಲಿ ಪಾಲು ಎಂದರೆ ಹಾಲು, ಅದು ಇಲ್ಲವಂತೆ!

ಈ ಗದ್ದಲಕ್ಕೆ ಮಾಲೀಕರೇ ಹೊರಗೆ ಬಂದರು. ಜಹೀರಾಬಾದ್ ಕಡೆಯವರು, ಕನ್ನಡ ಬಲ್ಲವರು. ಮೌಶಿಯ ಪ್ರಶ್ನೆ ಕೇಳಿ ನಕ್ಕರು. "ಹಳಿ ಅಂದ್ರ ಕಬ್ಬಿಣ ಅಮ್ಮಾ. ಅದಕ್ಕ ಏನು ಪಾಲು? ಕಬ್ಬಿಣ ಏನರ ತಿಂತೈತೇನು?"

"ಕಬ್ಬಿಣ ತಿನ್ನಂಗಿಲ್ಲರಿ. ಕಬ್ಬಿಣಾನ ಜಂಗು ತಿಂತೈತಿ, ಹಳಿ ಕೆಳಗಿನ ಕಟಗಿ ಸ್ಲೀಪರಾನ ಗೆದ್ದಲ ತಿಂತಾವು, ಜಲ್ಲಿಕಲ್ಲ ಕೆಳಗಿನ ಮಣ್ಣಾ ಮಳಿ ತಿಂತೈತಿ. ಎಲ್ಲಾರೂ ಉಣ್ಣಾಕ ಕುಂತಾರ, ನೀವು ನೋಡಿಲ್ಲ ಅಷ್ಟ!"

ಮಾಲೀಕರ ನಗು ನಿಂತಿತು. ಆ ದಿನವೇ ಮೌಶಿ ಕ್ವಾರಿ ರೈಲಿನ ಗೌರವ ಸಲಹೆಗಾರಳಾದಳು. ಗೌರವ ಎಂದರೆ ಗೊತ್ತಲ್ಲ, ಸಂಬಳವಿಲ್ಲ!

ಮನೆಯಲ್ಲಿ ಭಜಿ ಕರಿಯುತ್ತ ಅವಳು ನನಗೆ ಟಿಕೆಟ್ಟಿನ ಶಾಸ್ತ್ರ ಬೋಧಿಸುತ್ತಿದ್ದಳು. "ಡೀಸೆಲ್ ರೈಲು ಓಡಿದಾಗ ಅಷ್ಟ ಕುಡೀತೈತಿ. ಹಳಿ ಹಂಗಲ್ಲವಾ. ಮಂದಿ ಬರಲಿ, ಬಿಡಲಿ, ಅದಕ್ಕ ಮುಪ್ಪು ಬರಾಕತ್ತಿರತೈತಿ. ಅದಕ್ಕ ಟಿಕೆಟ್ ದರ ಅಂಬೋದು ಹಳಿಯಿಂದ ಶುರು ಮಾಡಿ ಮ್ಯಾಲ ಬರಬೇಕು. ಇವರು ಮ್ಯಾಲಿಂದ ಶುರು ಮಾಡಿ ಕೆಳಗ ಬರೂದರಾಗ ರೊಕ್ಕ ಖಲಾಸ್!"

ಮಾಲೀಕರು ಅವಳ ಮಾತು ಕೇಳಿದರು. ಭಾನುವಾರದ ದರ ಏರಿತು. ದೊಡ್ಡ ಕಿಟಕಿಯ ಮುಂದಿನ ಡಬ್ಬಿಗೆ ಇನ್ನೂ ಹೆಚ್ಚು. ವಾರದ ನಡುವೆ ಬರುವ ಶಾಲೆಯ ಮಕ್ಕಳಿಗೆ ಬಹಳ ಕಡಿಮೆ. ಮುಂದಿನ ಡಬ್ಬಿಯಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳುವವರು ತಮಗರಿವಿಲ್ಲದೆ ಮಕ್ಕಳ ಹಳಿಗೂ ದುಡ್ಡು ಕೊಟ್ಟು ಹೋಗುತ್ತಿದ್ದರು. ಪ್ರತಿ ಟಿಕೆಟ್ಟಿನಿಂದ ಒಂದು ಪಾಲು ಬ್ಯಾಂಕಿನಲ್ಲಿ ಬೇರೆ ಖಾತೆಗೆ ಹೋಗುತ್ತಿತ್ತು. ಅದನ್ನು ತೆಗೆಯಲು ಮಾಲೀಕರ ಸಹಿಯ ಜೊತೆಗೆ ಮೌಶಿಯ ಸಹಿಯೂ ಬೇಕು.

ಒಂದು ದಿನ ಮಾಲೀಕರು ಆಸೆಯಿಂದ ಬಂದು, "ಅಮ್ಮಾ, ಗೇಟಿನ ಹತ್ರ ಒಂದು ಕಾರಂಜಿ ಹಾಕಸೋಣು, ಆ ಖಾತೆದಾಗಿಂದ" ಎಂದರು.

"ಕಾರಂಜಿ ಮ್ಯಾಲ ರೈಲು ಓಡತೈತೇನ್ರಿ?"

ಕಾರಂಜಿ ಅಲ್ಲಿಗೆ ಬತ್ತಿಹೋಯಿತು.

ಸುಖದ ದಿನಗಳು ಎಷ್ಟು ದಿನ! ಹೆದ್ದಾರಿಯ ಪಕ್ಕದಲ್ಲಿ ಹೊಸದೊಂದು ನೀರಾಟದ ಪಾರ್ಕು ಬಂತು. ಜನ ಅತ್ತ ಹರಿದರು. ಮಾಲೀಕರು ಕಂಗಾಲಾಗಿ ಟಿಕೆಟ್ ದರ ಅರ್ಧಕ್ಕೆ ಇಳಿಸಿದರು. ಅರ್ಧ ಎಲ್ಲಿಂದ ಕತ್ತರಿಸುವುದು? ಡೀಸೆಲ್ ಬಿಟ್ಟರೆ ರೈಲು ನಿಲ್ಲುತ್ತದೆ, ಸಂಬಳ ಬಿಟ್ಟರೆ ಆಳುಗಳ ಕೆಲಸ ನಿಲ್ಲುತ್ತದೆ. ಬಾಯಿಲ್ಲದ್ದು ಹಳಿಯೊಂದೇ. ಅದರ ಪಾಲು ಹೋಯಿತು. ಹಳಿ ನೋಡಿಕೊಳ್ಳುವ ಆಳುಗಳನ್ನು ಡಬ್ಬಿಗಳಿಗೆ ಬಣ್ಣ ಬಳಿಯಲು ಹಚ್ಚಿದರು. ಮೌಶಿ ಜಗಳವಾಡಿ ಮನೆಗೆ ಬಂದಳು. ಆ ವರ್ಷದ ಮಳೆಯೋ, ಆಕಾಶಕ್ಕೆ ತೂತು ಬಿದ್ದಂತೆ ಸುರಿಯಿತು.

ಮಳೆ ಹಿಂದಾದ ಮೇಲೆ ಶುರುವಾಯಿತು ಆ ಸಪ್ಪಳ.

ಮೊದಲು ಕೇಳಿಸಿಕೊಂಡವನು ರೈಲು ನಡೆಸುವ ಚಾಚಾ. ಹೊಂಡದ ತಿರುವು ದಾಟಿದ ಮೇಲೆ ಹಿಂದಿನಿಂದ, ನೆಲದ ಒಳಗಿನಿಂದ, ಢಬ್ ಎಂದು ಯಾರೋ ತಟ್ಟಿದಂತೆ. ಸ್ವಲ್ಪ ತಡೆದು ಇನ್ನೊಮ್ಮೆ. ಬಾಗಿಲು ತೆಗೆಯಿರಿ ಎಂದು ಒಳಗಿದ್ದವರು ತಟ್ಟಿದ ಹಾಗೆ! ಚಾಚಾ ಮೌಶಿಗೆ ಫೋನು ಮಾಡಿ, "ಅಮ್ಮಾಜೀ, ನೀಚೆ ಕೋಯಿ ಹೈ" ಎಂದನಂತೆ. ಕೆಳಗೆ ಯಾರೋ ಇದ್ದಾರೆ.

ವಾರ ಕಳೆಯುವುದರಲ್ಲಿ ಸುದ್ದಿ ಹಬ್ಬಿತು. ಕೆಲವರು ತಾವು ಸೀಟು ತಟ್ಟಿದಷ್ಟೇ ಸಲ ಕೆಳಗಿನಿಂದ ಉತ್ತರ ಬಂತು ಎಂದರು. ಒಬ್ಬ ಹೆಂಗಸು ತನ್ನನ್ನು ತವರಿನಲ್ಲಿ ಕರೆಯುವ ಹೆಸರು ಹಿಡಿದು ಕರೆದಂತಾಯಿತು ಎಂದು ಅತ್ತಳು. ಇದನ್ನು ಕೇಳಿ ಜನ ರೈಲು ಬಿಟ್ಟು ಓಡಬೇಕಿತ್ತಲ್ಲವೇ? ನೀರಾಟದ ಪಾರ್ಕು ಬಿಟ್ಟು ರೈಲಿಗೆ ಓಡಿಬಂದರು! ಮಾಲೀಕರು ತಡಮಾಡಲಿಲ್ಲ. ಕ್ವಾರಿಯಲ್ಲಿ ಕಲ್ಲು ಒಡೆಯುತ್ತ ಸತ್ತವನ ಆತ್ಮ ಇನ್ನೂ ಕಲ್ಲು ಒಡೆಯುತ್ತಿದೆ ಎಂದು ಒಂದು ಕಥೆ ಕಟ್ಟಿದರು. ತಿರುವಿಗೆ 'ದೆವ್ವದ ತಿರುವು' ಎಂದು ಬೋರ್ಡು. ಸಂಜೆಯ ರೈಲಿಗೆ ಸ್ಪೆಷಲ್ ದರ. ಅದೂ ಎರಡು ಪಟ್ಟು!

ಮೌಶಿ ತಲೆ ಚಚ್ಚಿಕೊಂಡಳು. "ದೆವ್ವಕ್ಕ ದರ ಏರಿಸ್ಯಾರ, ಹಳಿಗೆ ಇಳಿಸ್ಯಾರ. ಸತ್ತವರಿಗೆ ಇರೋ ಕಿಮ್ಮತ್ತು ಹೊತ್ತವರಿಗೆ ಇಲ್ಲ ನೋಡು!"

ನಾನು ಕೆಲಸ ಮಾಡುವ ನಾಚಾರಂನ ಕಾರ್ಖಾನೆಯ ಆಫೀಸಿನವರಿಗೂ ದೆವ್ವ ನೋಡುವ ಹುಕಿ ಬಂತು. ಹೊರಡುವ ದಿನ ಬೆಳಿಗ್ಗೆ ಮೌಶಿಗೆ ಫೋನು ಮಾಡಿ, ಸಂಜೆ ಎಲ್ಲರೂ ಕ್ವಾರಿ ರೈಲಿಗೆ ಹೊರಟಿದ್ದೇವೆ ಎಂದೆ. "ಸಂಜೀ ರೈಲಿಗಾ?" ಎಂದಳು, ಅಷ್ಟೇ. "ಮೌಶಿ? ಮೌಶಿ?" ಎಂದೆ. ಫೋನು ಇಟ್ಟ ಸದ್ದು.

ಸಂಜೆ ಮೋಡ ಕವಿದಿತ್ತು. ಸಣ್ಣಗೆ ಜಿನುಗುತ್ತಿತ್ತು. ಬಂಡೆಗಳು ಒದ್ದೆಯಾಗಿ, ಕುಳಿತ ಆನೆಗಳ ಬೆನ್ನಿನ ಹಾಗೆ ಹೊಳೆಯುತ್ತಿದ್ದವು. ರೈಲು ಹೊಂಡದ ಕಡೆ ತಿರುಗುತ್ತಿದ್ದಂತೆ ಎಂದಿನಂತೆ ಎಲ್ಲರ ದನಿ ತಗ್ಗಿತು. ಅಷ್ಟರಲ್ಲಿ ಮುಂದಿನ ಡಬ್ಬಿಯಿಂದ ಚೀರಾಟ ಕೇಳಿತು. "ದೆಯ್ಯಂ! ದೆಯ್ಯಂ!" ಎಂದರೆ ದೆವ್ವ!

ಕಿಟಕಿಯಿಂದ ಬಗ್ಗಿ ನೋಡಿದೆ. ತಿರುವಿನ ನಟ್ಟನಡುವೆ, ಹಳಿಯ ಮೇಲೆ, ಬಿಳಿ ಸೀರೆಯ ಆಕೃತಿ. ಕೆದರಿದ ಬಿಳಿ ಕೂದಲು. ಒಂದು ಕೈ ಮೇಲಕ್ಕೆತ್ತಿದೆ. ಅಲ್ಲಾಡುತ್ತಿಲ್ಲ.

ಚಾಚಾ ದೇವರನ್ನು ಕೂಗುತ್ತ ಬ್ರೇಕು ಎಳೆದ. ರೈಲು ಕಿರುಗುಟ್ಟುತ್ತ ತಿರುವಿನ ಮೊದಲೇ ನಿಂತಿತು. ಜನವೋ, ಹೆದರಿ ಕಿರುಚುತ್ತ, ಕಿರುಚುತ್ತಲೇ ಮೊಬೈಲ್ ಎತ್ತಿ ಚಿತ್ರ ತೆಗೆಯುತ್ತಿದ್ದರು! ಟಿಕೆಟ್ಟಿನಲ್ಲಿ ಇದೂ ಸೇರಿದೆ ಎಂದು ಅವರ ಲೆಕ್ಕ.

ಆಕೃತಿ ಬಾಯಿ ತೆರೆಯಿತು. "ನಾ ದೆವ್ವ ಅಲ್ಲ! ಎಲ್ಲಾರೂ ಇಳೀರಿ, ಹಿಂದಕ್ಕ ಹೋಗ್ರಿ!"

ನಮ್ಮ ಮೌಶಿ!

ನಮ್ಮ ಆಫೀಸಿನವರೊಬ್ಬರು ಇಳಿಯುತ್ತ ನನ್ನನ್ನು ಕೇಳಿದರು, "ಶೋ ಇಷ್ಟೇನಾ ಮೇಡಂ?"

ಜೀಪಿನಲ್ಲಿ ಧಾವಿಸಿ ಬಂದ ಮಾಲೀಕರು, "ಏನಮ್ಮಾ ಇದು, ಪಬ್ಲಿಕ್ ಮುಂದ ನನ್ನ ಮಾನ ಕಳದ್ರಿ" ಎಂದು ಕೂಗಾಡಿದರು. ಮೌಶಿ ಕಂಕುಳಿನಿಂದ ಛತ್ರಿ ತೆಗೆದಳು. ಮಡಚಿದ ಛತ್ರಿಯ ತುದಿಯನ್ನು ಎರಡು ಸ್ಲೀಪರ್‌ಗಳ ನಡುವೆ, ಜಲ್ಲಿಯೊಳಗೆ ಚುಚ್ಚಿದಳು. ಅದು ಸಲೀಸಾಗಿ ಇಳಿಯಿತು. ಅರ್ಧ ಇಳಿಯಿತು. ಪೂರ್ತಿ ಇಳಿಯಿತು. ಮೇಲೆ ಹಿಡಿಕೆ ಮಾತ್ರ ಉಳಿಯಿತು. ಮೌಶಿ ಕೈಬಿಟ್ಟಳು.

ಛತ್ರಿ ಮಾಯವಾಯಿತು.

ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಬಿದ್ದ ಸಪ್ಪಳ ಬರಲೇ ಇಲ್ಲ. ಬರುವುದೇ ಇಲ್ಲವೇನೋ ಎನ್ನುವಾಗ, ಬಹಳ ಕೆಳಗಿನಿಂದ, ನೀರು ಬಾಯಿ ಮುಚ್ಚಿಕೊಂಡಂಥ ಒಂದು ಸಪ್ಪಳ ಬಂತು.

ಆಮೇಲೆ, ರೈಲು ನಿಂತಿದೆ, ಚಕ್ರ ತಿರುಗುತ್ತಿಲ್ಲ, ಯಾರೂ ಕದಲುತ್ತಿಲ್ಲ, ಆಗ ನಮ್ಮ ಕಾಲ ಕೆಳಗಿನಿಂದ ಢಬ್ ಎಂದಿತು.

ಮೊಬೈಲ್ ಹಿಡಿದವರು ಈಗ ನಿಜವಾಗಿ ಓಡಿದರು. ಮಾಲೀಕರು ಅಲ್ಲೇ ಹಳಿಯ ಮೇಲೆ ಕುಳಿತುಕೊಳ್ಳಲು ಹೋದರು. "ಅಲ್ಲಿ ಕುಂದರಬ್ಯಾಡ್ರಿ!" ಎಂದು ಮೌಶಿ ರಟ್ಟೆ ಹಿಡಿದು ಎಳೆದಳು.

ಮಾರನೆಯ ದಿನ ಆಳುಗಳು ಜಲ್ಲಿ ಸರಿಸಿ ನೋಡಿದರು. ಮಳೆಯ ನೀರು ತಿರುವಿನ ಕೆಳಗಿನ ಮಣ್ಣನ್ನೆಲ್ಲ ಹೊಂಡಕ್ಕೆ ಒಯ್ದಿತ್ತು. ಹಳಿ, ಸ್ಲೀಪರು ಎಲ್ಲ ತೊಟ್ಟಿಲಿನಂತೆ ಗಾಳಿಯಲ್ಲಿ ತೂಗುತ್ತಿದ್ದವು. ರೈಲು ದಾಟಿದಾಗ ಕುಸಿದ ಸ್ಲೀಪರು ಮೇಲೆದ್ದು ಬಡಿಯುವುದೇ ಆ ಸಪ್ಪಳ ಎಂದು ಮೇಸ್ತ್ರಿ ಹೇಳಿದ. ಸರಿ, ರೈಲು ನಿಂತಾಗ ಬಂದ ಸಪ್ಪಳ? ಅವನು ತಲೆ ಕೆರೆದುಕೊಂಡು, "ಬಂಡೆ ಉರುಳಿರಬೇಕು" ಎಂದ. ಇರಬೇಕು. ಇರಲಿ.

ಗೋಡೆ ಕಟ್ಟಿ, ಪೊಳ್ಳು ತುಂಬಿಸಿ, ಹೊಸ ಸ್ಲೀಪರು ಹಾಕಲು ಕೈಯಲ್ಲಿ ದುಡ್ಡಿಲ್ಲ. ಇದ್ದದ್ದು ಹಳಿಯ ಖಾತೆಯೊಂದೇ. ಈ ಸಲ ಮೌಶಿ ಮರುಮಾತಿಲ್ಲದೆ ಸಹಿ ಹಾಕಿದಳು. ತಿಂಗಳುಗಟ್ಟಲೆ ಕೆಲಸ ನಡೆದು ರೈಲು ಮತ್ತೆ ಹೊರಟಾಗ ಟಿಕೆಟ್ಟಿನ ಮೇಲೆ 'ಹಳಿಯ ಪಾಲು' ಎಂದು ಬೇರೆಯಾಗಿ ಅಚ್ಚಾಗಿತ್ತು. ದರ ಹೆಚ್ಚು. ದೆವ್ವದ ಬೋರ್ಡು ಇಲ್ಲ.

ಸಾಲಿನಲ್ಲಿದ್ದ ಒಬ್ಬರು ಗೊಣಗಿದರು, "ದೆವ್ವನೂ ಇಲ್ಲ, ಮತ್ತ ಯಾಕ ಇಷ್ಟು ದರ?"

"ದೆವ್ವ ಬರಬಾರದು ಅಂತನ ಇಷ್ಟು ದರ!" ಎಂದಳು ಮೌಶಿ.

ಮೊದಲ ರೈಲಿನಲ್ಲಿ ನಾನು, ಅವಳು ಒಂದೇ ಸೀಟಿನಲ್ಲಿ ಕುಳಿತೆವು. ತಿರುವು ಹತ್ತಿರವಾದಂತೆ ಜನ ದನಿ ತಗ್ಗಿಸಿದರು. ನನ್ನ ಮುಂಗೈ ಮೇಲೆ ತಣ್ಣಗಿನದೇನೋ ಬಂದು ಹಿಡಿದುಕೊಂಡಿತು. ಬೆಚ್ಚಿ ನೋಡಿದರೆ ಮೌಶಿಯ ಕೈ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ನನಗೆ ನಗು ಬಂತು. "ಮೌಶಿ, ನಿನಗ ದೆವ್ವದ ಅಂಜಿಕಿ ಐತೇನು?"

"ಸಣ್ಣಾಕಿ ಇದ್ದಾಗಿಂದ ಐತಿ" ಎಂದಳು, ಕಣ್ಣು ಮುಚ್ಚಿಕೊಂಡೇ. "ಯಾರಿಗೂ ಹೇಳಬ್ಯಾಡ."

"ಮತ್ತ ಅವತ್ತು ಒಬ್ಬಾಕೆ ಹೋಗಿ ನಿಂತಿದ್ದಿ? ಕೆಳಗ ಪೊಳ್ಳು ಐತಿ ಅಂತ ಗೊತ್ತಿತ್ತಲ್ಲ?"

"ಪೊಳ್ಳು ಇರಬಹುದು ಅಂತ ಇತ್ತು. ಆದರ ಅಲ್ಲಿ ಹೋಗಿ ನಿಂತ ಮ್ಯಾಲ ಕಾಲ ಕೆಳಗ ತಟ್ಟಿತು ನೋಡವಾ… ಖರೇನ ದೆವ್ವನ ಅಂತ ತಿಳಕೊಂಡೆ."

"ಹಂಗಂತ ತಿಳಕೊಂಡ ಮ್ಯಾಲ ಓಡಿ ಬರಬಾರದಿತ್ತಾ?"

ಮೌಶಿ ಕಣ್ಣು ತೆರೆದು ನನ್ನನ್ನು ನೋಡಿದಳು. ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

"ರೈಲಿನ್ಯಾಗ ನೀ ಕುಂತಿದ್ದಿ."

ತಿರುವು ದಾಟಿತು. ಕೆಳಗಿನಿಂದ ಯಾವ ಸಪ್ಪಳವೂ ಬರಲಿಲ್ಲ. ಬಯಲು ಬಂತು, ಜನ ಮತ್ತೆ ಮಾತು ಶುರುವಿಟ್ಟುಕೊಂಡರು. ನಾನು ಆ ತಣ್ಣಗಿನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅದು ಬೆಚ್ಚಗಾಗುವವರೆಗೆ ಕುಳಿತಿದ್ದೆ.