ಮೆಣಸಿನಕಾಯಿ ಕಣದ ಫುಟ್‌ಬಾಲ್ ಕಪ್

ಫುಟ್‌ಬಾಲ್ ಆಡಿದವರಿಗೆ ವಯಸ್ಸಾದ ಮೇಲೆ ಮೊಣಕಾಲು ನೋವು ಉಳಿಯುತ್ತದಂತೆ. ನಮ್ಮ ಬೆಟಗೇರಿ ಕ್ಲಬ್ಬಿನವರಿಗೆ ಉಳಿದದ್ದು ಹೊಟ್ಟೆನೋವು, ಅದೂ ನಕ್ಕು ನಕ್ಕು. ಬೇರೆ ಊರಿನ ತಂಡಗಳು ಒಂದೋ ಗೆಲ್ಲುತ್ತವೆ, ಇಲ್ಲವೇ ಸೋಲುತ್ತವೆ. ನಮಗೆ ಮಾತ್ರ ಈ ಎರಡನ್ನೂ ಬಿಟ್ಟು ಮೂರನೆಯದೇನೋ ಆಗುತ್ತಿತ್ತು. ನಾನು ಆ ಕ್ಲಬ್ಬಿನ ಹನ್ನೆರಡನೆಯವ. ಅಂದರೆ ಯಾರಿಗಾದರೂ ಪೆಟ್ಟು ಬಿದ್ದರೆ ಆಡಬೇಕಾದವ. ಉಳಿದವರೆಲ್ಲ ನೇಕಾರರು, ಮಗ್ಗ ತುಳಿದು ತುಳಿದು ಕಾಲು ಕಬ್ಬಿಣ ಮಾಡಿಕೊಂಡವರು. ಅವರಿಗೆ ಪೆಟ್ಟು ಬೀಳುತ್ತಿರಲಿಲ್ಲ, ನನಗೆ ಆಟ ಸಿಗುತ್ತಿರಲಿಲ್ಲ. ಇದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷದ ಕಥೆ.

೧. ಸಾಹುಕಾರರ ಷರತ್ತು

ನಮಗೆ ಸ್ವಂತ ಮೈದಾನ ಇರಲಿಲ್ಲ. ಊರಿನ ಸಾಹುಕಾರರೊಬ್ಬರ ಬಯಲು ಜಾಗದಲ್ಲಿ ಆಡುತ್ತಿದ್ದೆವು. ಅರ್ಧದಲ್ಲಿ ಅವರ ಮೆಣಸಿನಕಾಯಿ ಒಣಗುತ್ತಿತ್ತು, ಇನ್ನರ್ಧದಲ್ಲಿ ನಾವು ಒಣಗುತ್ತಿದ್ದೆವು. ಮ್ಯಾಚ್ ಇದ್ದ ದಿನ ಮಾತ್ರ ಕಾಯಿ ಬಳಿದು ಒಟ್ಟುಮಾಡಿ ಪೂರ್ತಿ ಜಾಗ ಬಿಟ್ಟುಕೊಡುತ್ತಿದ್ದರು.

ಆ ವರ್ಷ ಮೆಣಸಿನಕಾಯಿ ಪೀಕು ಜೋರಾಗಿ ಬಂತು. ಸಾಹುಕಾರರು ನಮ್ಮ ಉಸ್ತಾದರನ್ನು ಕರೆಸಿದರು. ಉಸ್ತಾದರದು ಸೈಕಲ್ ರಿಪೇರಿ ಅಂಗಡಿ. ಚೆಂಡಿಗೆ ಗಾಳಿ ಹೊಡೆಯುವ ಪಂಪು ಅವರ ಹತ್ತಿರ ಇದ್ದುದರಿಂದ ಆಟ ಕಲಿಸುವವರೂ ಅವರೇ ಆಗಿದ್ದರು.

“ಉಸ್ತಾದ, ಇಷ್ಟ್ ವರ್ಷ ನಿಮ್ಮ ಹುಡುಗ್ರು ನನ್ನ ಜಾಗಾ ಒದ್ರು. ಏನರ ಬೆಳೀತೇನ್ರಿ? ಈ ವರ್ಷ ಒಂದ್ ಕಪ್ ತರ್ರಿ, ಜಾಗಾ ಕಾಯಂ ನಿಮ್ದ. ಇಲ್ಲಂದ್ರ ಪೂರಾ ಮೆಣಸಿನಕಾಯಿ ಕಣಾ ಮಾಡಿಬಿಡ್ತೀನಿ.”

ಕಪ್ಪಿರಲಿ, ನಾವು ಅದರ ಕೆಳಗಿನ ಬಸಿಯನ್ನೂ ಗೆದ್ದವರಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕುಳಿತಾಗ ಧೈರ್ಯ ತುಂಬಿದವರು ನಮ್ಮ ಕಾರ್ಯದರ್ಶಿ, ಭೂಗೋಳದ ಮಾಸ್ತರರು.

“ಹೆದರಬ್ಯಾಡ್ರಿ. ಫಿನ್ಲೆಂಡ್ ಅಂತ ಒಂದ್ ದೇಶ ಐತಿ. ಅರ್ಧಾ ವರ್ಷ ಬರೇ ಬರ್ಫ. ಅಂಥಾದ್ರಾಗ ಅಲ್ಲಿ ಕ್ಲಬ್ಬಿನವರು ತಮ್ಮ ದೇಶದಾಗೂ ಆಡ್ತಾರ, ಯುರೋಪ್ ಕಪ್ಪಿಗೂ ಹೋಗ್ತಾರ. ನಾವೂ ಹಂಗ ಮಾಡೂಣು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ನಮ್ಮ ದೇಶ. ಹುಬ್ಬಳ್ಳಿ ನಮ್ಮ ಯುರೋಪು. ಎರಡರಾಗ ಎಲ್ಲೆರ ಒಂದ್ ಕಡೆ ಕಪ್ ಸಿಗತೈತಿ.”

ನಮ್ಮ ಸೆಂಟರ್ ಫಾರ್ವರ್ಡ್ ಕೇಳಿದ: “ಮಾಸ್ತರ, ಅಷ್ಟ್ ಬರ್ಫದಾಗ ಆಡಿದ್ರ ಗೆಲ್ತಾರೇನ್ರಿ ಅವ್ರು?”

ಮಾಸ್ತರರು ಸುಳ್ಳು ಹೇಳುವವರಲ್ಲ. “ಇಲ್ಲಪಾ, ಯುರೋಪಿನಾಗ ಮದಲನೇ ಮ್ಯಾಚಿಗೇ ಮನಿಗೆ ಬರ್ತಾರ. ಆದ್ರ ಹೋಗೂದು ಬಿಟ್ಟಿಲ್ಲ ನೋಡು!”

೨. ಯಾರು ಹೋದ್ರು?

ಮೊದಲ ಮ್ಯಾಚು ಮುಂಡರಗಿಯವರ ಜೊತೆ, ನಮ್ಮಲ್ಲೇ. ಸಾಹುಕಾರರ ಆಳುಗಳು ಬೆಳಿಗ್ಗೆಯೇ ಕಾಯಿ ಬಳಿದುಕೊಂಡು ಹೋಗಿದ್ದರು. ಕಾಯಿ ಬಳಿಯಬಹುದು, ಘಾಟು ಬಳಿಯುವುದು ಹೇಗೆ? ಹುಡುಗರು ಓಡತೊಡಗಿದ್ದೇ ತಡ, ಕೆಂಪು ಧೂಳೆದ್ದಿತು. ರೆಫ್ರಿ ಸೀಟಿ ಊದಲು ಉಸಿರೆಳೆದರೆ ಸೀನು ಬರುತ್ತಿತ್ತು. ಆಮೇಲಾಮೇಲೆ ಅವರು ಸೀಟಿಯನ್ನು ಜೇಬಿಗಿಟ್ಟು ಸೀನಿನ ಮೇಲೆಯೇ ಆಟ ನಡೆಸಿದರು. ಮುಂಡರಗಿಯ ಗೋಲ್‌ಕೀಪರ್ ಎರಡೂ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತಿದ್ದಾಗ ಚೆಂಡು ಅವನ ಕಾಲ ಸಂದಿನಲ್ಲಿ ತೂರಿ ಒಳಗೆ ಹೋಯಿತು. ನಾವು ಗೆದ್ದೆವು.

ಆಟ ಮುಗಿಯುವ ಹೊತ್ತಿಗೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಅಜ್ಜ ಒಬ್ಬರು ಗಾಬರಿಯಿಂದ ನಿಂತರು. ಎರಡೂ ತಂಡ, ರೆಫ್ರಿ, ನೋಡಲು ಬಂದ ಮಂದಿ, ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು.

“ಯಾರು ಹೋದ್ರಪಾ?” ಎಂದು ಮೆಲ್ಲಗೆ ಕೇಳಿದರು.

“ಯಾರೂ ಹೋಗಿಲ್ರಿ ಅಜ್ಜಾರ. ನಾವು ಗೆದ್ದೇವಿ!” ಎಂದೆ ಮೂಗು ಒರೆಸಿಕೊಳ್ಳುತ್ತ.

“ಗೆದ್ದಾಗ ಹಿಂಗ ಅತ್ರ, ಸೋತಾಗ ಏನ್ ಮಾಡ್ತೀರೋ ಯಪ್ಪಾ!”

೩. ಮುಂಗಡ ನಮಸ್ಕಾರ

ಗೋಲಿನ ಮುಂದೆ ಕಾವಲು ನಿಲ್ಲುವ ನಮ್ಮ ಬ್ಯಾಕ್ ಆನೆಯಂಥ ಆಳು. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಆದರೆ ಅವನನ್ನು ಬೆಳೆಸಿದವಳು ಅವನ ಅಜ್ಜಿ. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಹೇಳಿಕೊಟ್ಟಿದ್ದಳು. ಇವನು ಚೆಂಡು ಕಸಿಯುತ್ತಿದ್ದ, ಕಾಲು ತಾಗುತ್ತಿತ್ತು, ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಏಳುವಷ್ಟರಲ್ಲಿ ಆ ಮನುಷ್ಯ ಚೆಂಡು ಸಮೇತ ನಮ್ಮ ಗೋಲಿನ ಮುಂದಿರುತ್ತಿದ್ದ.

“ಲೇ, ನಮಸ್ಕಾರ ಆಮ್ಯಾಲೆ ಮಾಡೋ!” ಎಂದು ಉಸ್ತಾದರು ಕೂಗುತ್ತಿದ್ದರು.

“ಆಮ್ಯಾಲೆ ಅವ್ರು ಸಿಗೂದಿಲ್ರಿ ಉಸ್ತಾದ. ಪಾಪ ನನ್ನ ತಲಿ ಮ್ಯಾಲೆ ಉಳಿತೈತಿ.”

ಶಿರಹಟ್ಟಿಗೆ ಹೋದಾಗ ಉಸ್ತಾದರೇ ಉಪಾಯ ಹುಡುಕಿದರು. ಆಟ ಶುರುವಾಗುವ ಮೊದಲೇ ಇವನು ಎದುರು ತಂಡದ ಒಬ್ಬೊಬ್ಬರ ಕಾಲನ್ನೂ ಮುಟ್ಟಿ ಮುಂಗಡ ನಮಸ್ಕಾರ ಮಾಡಿಬಿಡಬೇಕು. ಆಮೇಲೆ ಎಷ್ಟು ತಾಗಿದರೂ ಚುಕ್ತಾ. ಇವನು ಹಾಗೆಯೇ ಮಾಡಿದ. ಶಿರಹಟ್ಟಿಯ ಹುಡುಗರಿಗೆ ನಾಚಿಕೆಯಾಗಿ ಮೈ ಹಿಡಿಯಾಯಿತು. ಇಂಥ ವಿನಯವಂತನಿಗೆ ಕಾಲು ಅಡ್ಡ ಹಾಕುವುದು ಹೇಗೆಂದು ಅವನು ಬಂದಾಗಲೆಲ್ಲ ದಾರಿ ಬಿಟ್ಟು ನಿಂತರು. ನಮ್ಮ ಬ್ಯಾಕ್ ಹುಟ್ಟಿದಂದಿನಿಂದ ಮೊದಲ ಬಾರಿಗೆ ಗೋಲು ಹೊಡೆದ.

ಗೆದ್ದು ಹೊರಡುವಾಗ ನೋಡಿದರೆ ಆ ಊರಿನ ರೆಫ್ರಿ ಮುಖ ಊದಿಸಿಕೊಂಡು ನಿಂತಿದ್ದರು. “ಏನ್ ತಪ್ಪಾತ್ರಿ ಸರ?” ಎಂದು ಮಾಸ್ತರರು ಕೇಳಿದರು.

“ಅಲ್ರಿ, ಎಲ್ಲಾರಿಗೂ ನಮಸ್ಕಾರ ಮಾಡಿದ. ಹಿರ್ಯಾಂವ ಅಂತ ನಾ ಒಬ್ಬಾಂವ ನಿಂತಿದ್ನೆಲ್ಲ, ಕಣ್ಣಿಗೆ ಕಾಣ್ಲಿಲ್ಲೇನ್ರಿ?”

೪. ಯುರೋಪಿನ ಬುತ್ತಿ

ಹುಬ್ಬಳ್ಳಿಗೆ ಹೋಗುವ ದಿನ ಮಾಸ್ತರರು ಓಣಿಯಲ್ಲೆಲ್ಲ “ಯುರೋಪಿಗೆ ಹೊಂಟೇವಿ” ಎಂದು ಹೇಳಿಕೊಂಡು ಬಂದಿದ್ದರು. ನಮ್ಮ ಅವ್ವಂದಿರಿಗೆ ಯುರೋಪು ಎಲ್ಲಿದೆ ಎಂಬುದು ಮುಖ್ಯವಲ್ಲ, ಅಲ್ಲಿ ರೊಟ್ಟಿ ಸಿಗುತ್ತದೋ ಇಲ್ಲವೋ ಎಂಬುದು ಮುಖ್ಯ. ಮನೆಮನೆಯಿಂದ ಬುತ್ತಿ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ರೈಲಿನಲ್ಲಿ ಚೆಂಡಿಗೆ ಜಾಗ ಸಾಲದೆ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ.

ಹಾಫ್ ಟೈಮಿನಲ್ಲಿ ಬುತ್ತಿ ಬಿಚ್ಚಿದೆವು. ಎದುರಿಗೆ ಮಂದಿ ಕುಳಿತಿರುವಾಗ ನಾವಷ್ಟೇ ತಿನ್ನುವುದು ನಮ್ಮ ಕಡೆ ಇಲ್ಲ. “ಬರ್ರಿ, ಊಟಕ್ಕ ಬರ್ರಿ” ಎಂದು ಹುಬ್ಬಳ್ಳಿಯವರನ್ನೂ ಕರೆದೆವು. ಅವರು ಒಲ್ಲೆ ಎಂದರು. ಒಲ್ಲೆ ಎಂದವರನ್ನು ಬಿಡುವುದೂ ನಮ್ಮ ಕಡೆ ಇಲ್ಲ. ಕೈ ಹಿಡಿದು ಕೂರಿಸಿ ಬಡಿಸಿದೆವು. ಮುಂದಿನ ಅರ್ಧದಲ್ಲಿ ಯಾರೂ ಓಡಲಿಲ್ಲ. ಚೆಂಡು ತಾನಾಗಿ ಹತ್ತಿರ ಬಂದರೆ ಒದೆಯುವುದು, ಇಲ್ಲವಾದರೆ ಅದರ ಪಾಡಿಗೆ ಬಿಡುವುದು. ಯಾರಿಗೂ ಗೋಲಾಗಲಿಲ್ಲ. ಕೊನೆಗೆ ನಾಣ್ಯ ಚಿಮ್ಮಿದರು, ನಾವು ಸೋತೆವು.

ಉಸ್ತಾದರು ಖಾಲಿ ಬುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. “ಖರೆ ಹೇಳ್ಲೇನು ಮಾಸ್ತರ? ನಿಮ್ಮ ಫಿನ್ಲೆಂಡಿನವರು ಸೋಲೂದು ಬರ್ಫದಿಂದ ಅಲ್ಲ, ಬುತ್ತಿಯಿಂದ.”

೫. ಮಾವನ ಆಶೀರ್ವಾದ

ಯುರೋಪು ಕೈಬಿಟ್ಟಿತ್ತು. ಉಳಿದದ್ದು ನಮ್ಮ ‘ದೇಶ’ದ ಕಪ್ಪಿಗೆ ಲಕ್ಷ್ಮೇಶ್ವರದವರ ಜೊತೆ ಫೈನಲ್, ನಮ್ಮ ಬೆಟಗೇರಿಯಲ್ಲೇ. ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅವರ ಹಿಂದೆ ಮೆಣಸಿನಕಾಯಿ ತುಂಬಿದ ಚಕ್ಕಡಿಗಳು ಸಾಲಾಗಿ ನಿಂತಿದ್ದವು. ಸೋತರೆ ಅಲ್ಲೇ, ಆಗಲೇ ಸುರಿಯುವುದು. ಆ ಚಕ್ಕಡಿಗಳನ್ನು ನೋಡಿ ನನಗೆ ಖರೆ ಖರೆ ಅಳು ಬಂತು. ಅವತ್ತಿನದು ಘಾಟಿನ ಅಳು ಆಗಿರಲಿಲ್ಲ.

ಆಟ ಸಮಸಮ ನಡೆದಿತ್ತು. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ನಮ್ಮ ಎಡಗಡೆಯ ಆಟಗಾರನ ಅವ್ವ ಮೈದಾನದೊಳಗೇ ನಡೆದು ಬಂದಳು. “ಮನ್ಯಾಗ ಮಗ್ಗಕ್ಕ ಹಾಸಿನ ನೂಲು ಹೂಡೂದೈತಿ, ಕೈ ಸಾಲವಲ್ವು. ಇವ ಇಲ್ಲಿ ಕುಣ್ಯಾಕತ್ಯಾನ!” ಎಂದು ಮಗನ ರಟ್ಟೆ ಹಿಡಿದು ಕರೆದೊಯ್ದಳು. ಉಸ್ತಾದರು ನನ್ನ ಕಡೆ ನೋಡಿದರು. ಬೇರೆ ಗತಿ ಇರಲಿಲ್ಲ. ನಾನು ಒಳಗೆ ಹೋದೆ.

ಆಗಲೇ ನಮ್ಮ ಸೆಂಟರ್ ಫಾರ್ವರ್ಡ್ ಚೆಂಡು ಹಿಡಿದು ಗಾಳಿಯಂತೆ ನುಗ್ಗಿದ. ಎದುರಿಗೆ ಉಳಿದವನು ಗೋಲ್‌ಕೀಪರ್ ಒಬ್ಬನೇ. ಆ ಗೋಲ್‌ಕೀಪರ್ ಯಾರೆಂದರೆ ಇವನ ಸ್ವಂತ ಸೋದರಮಾವ. ಇವನು ಒದೆಯಲು ಕಾಲೆತ್ತಿದ. ಮಾವ ಚೆಂಡಿಗಾಗಿ ಉದ್ದಕ್ಕೆ ಹಾರಿ ಬಿದ್ದರು, ಸರಿಯಾಗಿ ಅಳಿಯನ ಪಾದದ ಮೇಲೆ. ಚೆಂಡು ಅವರ ಎದೆಯಡಿ ಭದ್ರವಾಯಿತು.

ಮಾವ ಕಾಲಿಗೆ ಬಿದ್ದದ್ದು ನೋಡಿ ಅಳಿಯ ಹೌಹಾರಿದ. “ಅಯ್ಯ ಮಾವಾ, ಏನ್ ಮಾಡಾಕತ್ತೀರಿ! ದೊಡ್ಡವರು ನೀವು, ನನ್ನ ಆಯುಷ್ಯ ಕಡಿಮಿ ಆಕ್ಕೈತಿ! ಏಳ್ರಿ, ಏಳ್ರಿ!” ಎಂದು ಅವರನ್ನು ಹಿಡಿದೆತ್ತಿ ನಿಲ್ಲಿಸಿ, ಪಾಪ ಕಳೆಯಲೆಂದು ತಾನೇ ಅವರ ಕಾಲಿಗೆ ಅಡ್ಡಬಿದ್ದ.

ಕಾಲಿಗೆ ಬಿದ್ದ ಅಳಿಯನನ್ನು ಸುಮ್ಮನೆ ನೋಡುತ್ತ ನಿಲ್ಲಲು ಯಾವ ಮಾವನಿಗಾದರೂ ಆದೀತೇ? ಚೆಂಡು ಅಪ್ಪಿಕೊಂಡಿದ್ದ ಅವರ ಎರಡೂ ಕೈ ತಾವಾಗಿ ಅವನ ತಲೆಯ ಮೇಲೆ ಹೋದವು. “ಕಲ್ಯಾಣ ಆಗ್ಲೆಪಾ” ಎಂದರು. ಚೆಂಡು ಕೆಳಗೆ ಬಿತ್ತು, ಉರುಳಿ ನನ್ನ ಮುಂದೆ ಬಂತು. ನಾನು ಒದ್ದೆ. ನನ್ನ ಜನ್ಮದಲ್ಲಿ ಹೊಡೆದ ಗೋಲು ಅದೊಂದೇ.

ಲಕ್ಷ್ಮೇಶ್ವರದವರು ರೆಫ್ರಿಯನ್ನು ಸುತ್ತುಗಟ್ಟಿದರು. ಫುಟ್‌ಬಾಲ್ ಎಂದರೇನೆಂದು ಗೊತ್ತಿಲ್ಲದ ಸಾಹುಕಾರರು ಕುರ್ಚಿಯಿಂದ ಎದ್ದು ನಿಂತು ಗುಡುಗಿದರು: “ಹಿರೇರ ಆಶೀರ್ವಾದಕ್ಕ ತಕರಾರ ಮಾಡ್ತೀರೇನ್ರಿ? ಲೇ, ಚಕ್ಕಡಿ ತಿರುವ್ರಿ ಮನೀಕಡೆ!” ರೆಫ್ರಿ ಗೋಲೆಂದು ಸೀಟಿ ಊದಿದರು. ಕಪ್ಪೂ ನಮ್ಮದಾಯಿತು, ಮೈದಾನವೂ ನಮ್ಮದಾಯಿತು.

ನಾವು ಕಪ್ ಹೊತ್ತು ಕುಣಿಯುತ್ತಿದ್ದರೆ, ಮಾವ ಮಾತ್ರ ಗೋಲುಗಂಬ ಹಿಡಿದುಕೊಂಡು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು: “ನಾ ಕಲ್ಯಾಣ ಆಗ್ಲಿ ಅಂದೇನ್ರಿ, ಗೋಲ್ ಆಗ್ಲಿ ಅಂದಿದ್ದಿಲ್ಲ!”