ಆಕ್ಚುಯಲಿ ಅಂದ್ರೆ ಕಣ್ಣು ಮುಚ್ಚೋ ಮ್ಯಾನೇಜರು

ನಂಬಲ್ಲ ಅಂತೀರಾ? ಬಿಡಿ, ನಂಬಬೇಡಿ. ಒಂದಿನ ಪೀಣ್ಯಕ್ಕೆ ಬಂದು ನಮ್ಮ ಫ್ಯಾಕ್ಟರಿ ಗೇಟಲ್ಲಿ ಕೇಳಿ. ಒಬ್ಬ ಟ್ರೈನಿ ಬಾಯಿಬಿಟ್ಟರೆ ಸಾಕು, ಮ್ಯಾನೇಜರು ಕಣ್ಣು ಮುಚ್ಚಿಕೊಂಡು ಗೋಡೆ ಹಿಡ್ಕೊಂಡು ನಿಲ್ಲುತ್ತಿದ್ದದ್ದು ನಿಜವಾ ಅಂತ. ನಿಜ ಅಂತಾರೆ. ಆ ಟ್ರೈನಿ ನಾನೇ. ಇಂಥವು ನನಗೆ ಆಗ್ತಾನೇ ಇರ್ತವೆ, ನಾನೇನೂ ಹುಡುಕ್ಕೊಂಡು ಹೋಗಲ್ಲ.

ಕುಣಿಗಲ್ ಕಡೆ ನಮ್ಮೂರಲ್ಲಿ ಮೋಟಾರ್ ಡಬ್ಬದ ಮೇಲಿನ ಇಂಗ್ಲಿಷನ್ನ ಓದಿ ಹೇಳ್ತಿದ್ದೋನು ನಾನೊಬ್ಬನೇ. ಆ ಇಂಗ್ಲಿಷ್ ಪೀಣ್ಯಕ್ಕೆ ಧಾರಾಳವಾಗಿ ಸಾಕು ಅಂತ ಬಂದೆ. ಆರು ತಿಂಗಳು ಟ್ರೈನಿಂಗು, ಆಮೇಲೆ ಪರ್ಮನೆಂಟು, ಇಲ್ಲಾಂದ್ರೆ ಗೇಟು. ತೀರ್ಮಾನ ಮಾಡೋರು ಮ್ಯಾನೇಜರು. ಅವರೋ ಹೊರಗಿನ ರಾಜ್ಯದೋರು, ಕಾನ್ವೆಂಟಲ್ಲಿ ಓದಿದೋರು. ಇಂಗ್ಲಿಷನ್ನ ಯಾರಾದ್ರೂ ತಪ್ಪಾಗಿ ಬಳಸಿದ್ರೆ ಅವರಿಗೆ ಹಲ್ಲುನೋವು ಬಂದಂಗಾಗುತ್ತೆ. ನಾನೋ ಸೇರಿದ ವಾರದಲ್ಲೇ ಊರಿಗೆಲ್ಲ, ಮನೆ ಓನರ್ ಆಂಟಿಗೂ ಸೇರಿಸಿ, ಪರ್ಮನೆಂಟ್ ಆಗೋಯ್ತು ಅಂತ ಹೇಳ್ಬಿಟ್ಟಿದ್ದೆ.

ಇಂಟರ್‌ವ್ಯೂ

ಒಳಗೆ ಹೋದವನೇ ಎದೆಯುಬ್ಬಿಸಿ, "ಮೈಸೆಲ್ಫ್..." ಅಂತ ಶುರು ಮಾಡಿ ಹೆಸರು, ಊರು, ಐಟಿಐ ಮಾರ್ಕ್ಸು ಎಲ್ಲ ಹೇಳಿದೆ. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಒಳ್ಳೇ ಮನುಷ್ಯ, ಕೆಲಸ ಕೊಡೋ ಮುಂಚೆ ದೇವರನ್ನ ನೆನೆಸ್ತಿದ್ದಾರೆ ಅಂದುಕೊಂಡು ನಾನೂ ಕೈ ಮುಗಿದು ಕಣ್ಣು ಮುಚ್ಚಿದೆ. ನಮ್ಮೂರ ಆಂಜನೇಯನಿಗೆ ಎರಡು ತೆಂಗಿನಕಾಯಿ ಹರಕೆ ಕಟ್ಟಿಕೊಂಡು ಕಣ್ಣು ಬಿಟ್ಟರೆ ಮ್ಯಾನೇಜರ ಕುರ್ಚಿ ಖಾಲಿ. ಹೆಚ್‌ಆರ್ ಮೇಡಂ ಒಬ್ಬರೇ ಇದ್ದರು.

"ಸೆಲೆಕ್ಟ್ ಆದ್ನಾ ಮೇಡಂ?" ಅಂದೆ.

"ಬೇರೆ ಯಾರೂ ಬಂದಿಲ್ಲಪ್ಪ. ನಾಳೆಯಿಂದ ಬಾ" ಅಂದರು.

ಊರಿಗೆ ಫೋನ್ ಮಾಡಿ, ಕಾಂಪಿಟೇಶನ್ನಲ್ಲಿ ನಾನೇ ಫಸ್ಟು ಅಂದೆ.

ಬೆಳಗಿನ ಮೀಟಿಂಗು

ದಿನಾ ಬೆಳಗ್ಗೆ ಮೆಷಿನ್‌ಗಳಿರೋ ಶಾಪ್‌ನಲ್ಲಿ ಎಲ್ಲರೂ ಸಾಲಾಗಿ ನಿಂತು ಮ್ಯಾನೇಜರ ಮಾತು ಕೇಳಬೇಕು. ಅದು ಟೀ ಟೈಮನ್ನ ನುಂಗಿಕೊಂಡೇ ಮುಗಿಯೋದು. ಒಂದಿನ ಡ್ರಿಲ್ ಬಿಟ್ ಬಗ್ಗೆ ಏನೋ ಕೇಳಿದರು. ನಾನು ಮುಂದೆ ಬಂದು, "ಆಕ್ಚುಯಲಿ ಸಾರ್, ಬೇಸಿಕಲಿ ಏನಾಯ್ತು ಅಂದ್ರೆ, ಆಕ್ಚುಯಲಿ..." ಅಂದೆ. ಅವರು ಕಣ್ಣು ಮುಚ್ಚಿ, ಹಣೆ ಒತ್ತಿಕೊಂಡು, "ದಟ್ಸ್ ಆಲ್ ಫಾರ್ ಟುಡೇ" ಅಂತ ಹೊರಟೇಹೋದರು. ಟೀ ಇನ್ನೂ ಬಿಸಿಯಾಗಿತ್ತು.

ಅವತ್ತಿಂದ ನನಗೆ ಸಕ್ಕತ್ ಮರ್ಯಾದೆ. ಮೀಟಿಂಗ್ ಸ್ವಲ್ಪ ಎಳೀತು ಅಂದ್ರೆ, ಬಾಗಲಕೋಟೆ ಕಡೆಯ ಹಿರಿಯ ಫಿಟ್ಟರಣ್ಣ ಹಿಂದಿನಿಂದ ಬೆನ್ನಿಗೆ ತಿವಿಯೋನು. "ಒಂದ್ ಆಕ್ಚುಯಲಿ ಒಗೀಲೇ ತಮ್ಮಾ, ಚಾ ಆರಾಕತ್ತೈತಿ."

"ಅಣ್ಣ, ನನ್ನ ಪರ್ಮನೆಂಟು..."

"ಅದನ್ನ ಆಮ್ಯಾಲ ನೋಡೂಣು. ಈಗ ಒಗಿ."

ನಾನು ಒಗೀತಿದ್ದೆ. ಎಲ್ಲರೂ ಬಿಸಿ ಟೀ ಕುಡಿಯೋರು. ನನಗೆ ಮಾತ್ರ ಒಂದೊಂದು ಗುಟುಕೂ ನನ್ನ ಕೆಲಸವನ್ನೇ ಕುಡಿದಂಗಾಗೋದು.

ನೀಡ್‌ಫುಲ್

ಮಳೆಗಾಲದಲ್ಲಿ ನನ್ನ ಮೆಷಿನ್ ಮೇಲಿನ ಶೀಟ್ ಸೋರೋಕೆ ಶುರುವಾಯ್ತು. ಮೇಲ್ ಹಾಕಿದೆ. "ರೂಫ್ ಲೀಕಿಂಗ್. ಪ್ಲೀಸ್ ಡೂ ದ ನೀಡ್‌ಫುಲ್." ಮೇಂಟೆನೆನ್ಸ್‌ನೋರು ಅದರ ಕೆಳಗೆ ಅದೇ ಮಾತು ಬರೆದು ಸ್ಟೋರ್ಸಿಗೆ ಕಳಿಸಿದರು. ಸ್ಟೋರ್ಸ್‌ನೋರು ಪರ್ಚೇಸಿಗೆ, ಪರ್ಚೇಸ್‌ನೋರು ಅಡ್ಮಿನ್ನಿಗೆ. ಎಲ್ಲರೂ ನೀಡ್‌ಫುಲ್ ಮಾಡಿ ಅಂತ ಬೇಡಿಕೊಳ್ಳೋರೇ, ಏಣಿ ಹತ್ತೋರು ಒಬ್ಬರೂ ಇಲ್ಲ. ವಾರ ಕಳೆದು ಮೇಲ್ ಊರೆಲ್ಲ ಸುತ್ತಿ ವಾಪಸ್ ನನಗೇ ಬಂತು, ಡಿಯರ್ ಟ್ರೈನಿ, ಪ್ಲೀಸ್ ಡೂ ದ ನೀಡ್‌ಫುಲ್.

ಮಾಡಿದೆ. ಟಾಯ್ಲೆಟ್ಟಿಂದ ಬಕೆಟ್ ತಂದಿಟ್ಟೆ.

ಮಾರನೇ ದಿನ ಮ್ಯಾನೇಜರು ರೌಂಡ್ಸಿಗೆ ಬಂದು, ಬಕೆಟ್ಟನ್ನ ಪಕ್ಕಕ್ಕೆ ಸರಿಸಿ ಕೇಳಿದರು, ಇದೇನು ಅಂತ. "ನೀಡ್‌ಫುಲ್ ಈಸ್ ಡನ್ ಸಾರ್" ಅಂದೆ. ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡು ನಿಂತಿದ್ದು ಸರಿಯಾಗಿ ತೂತಿನ ಕೆಳಗೆ. ಬೋಳುತಲೆ ಮೇಲೆ ಟಪ್, ಟಪ್. ನಗೋಕೆ ಯಾರಿಗೂ ಧೈರ್ಯ ಇಲ್ಲ.

ಶೀಟು ಅವತ್ತು ಮಧ್ಯಾಹ್ನವೇ ರಿಪೇರಿಯಾಯ್ತು. ಟ್ರೈನಿ ರಿಪೇರಿಯಾಗೋದು ಯಾವಾಗ ಅಂತ ಹುಡುಗರು ನನ್ನನ್ನ ನೋಡ್ತಿದ್ದರು.

ಕುರ್ಚಿ, ಕಾಫಿ

ಆರು ತಿಂಗಳು ತುಂಬಿತು. ಎರಡು ದಿನದಿಂದ ಅನ್ನ ಸೇರಿರಲಿಲ್ಲ. ಓನರ್ ಆಂಟಿ ಬೇರೆ, "ಪರ್ಮನೆಂಟ್ ಆದೋನಿಗೆ ಯಾಕಪ್ಪ ಇಂಗೆ ಮಕ ಬಾಡಿರೋದು?" ಅಂತ ಕೇಳಿದ್ದಳು. ಮ್ಯಾನೇಜರು ರೂಮಿಗೆ ಕರೆಸಿದರು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಮೆಷಿನ್‌ನೋರು ಮ್ಯಾನೇಜರ ಮುಂದೆ ನಿಂತೇ ಮಾತಾಡೋದು. ಕೂರಿಸಿ, ಕಾಫಿ ಕೊಟ್ಟು ಮಾತಾಡಿಸೋದು ಮನೆಗೆ ಕಳಿಸೋರನ್ನ ಮಾತ್ರ.

"ಸಿಟ್" ಅಂದರು.

"ಬೇಡ ಸಾರ್. ನಿಂತೇ ಇರ್ತೀನಿ."

"ಪ್ಲೀಸ್, ಸಿಟ್."

ಕುರ್ಚಿಯ ತುದಿಗೆ ಅರ್ಧ ಕೂತೆ, ಉಳಿದರ್ಧ ಇನ್ನೂ ಕೆಲಸದಲ್ಲೇ ಇರಲಿ ಅಂತ. ಆಫೀಸಿನ ಅಕ್ಕ ಒಂದು ಕಪ್ ಕಾಫಿ ತಂದು ಟೇಬಲ್ ಮೇಲಿಟ್ಟಳು. ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ಕುಡಿದೆ. ಮ್ಯಾನೇಜರು ತಲೆ ಅಲ್ಲಾಡಿಸದೆ ಉದ್ದಕ್ಕೆ ಇಂಗ್ಲಿಷ್ ಮಾತಾಡಿದರು, ನೀರು ಹರಿದಂಗೆ. ಅದರಲ್ಲಿ ನನ್ನನ್ನ ಇಟ್ಕೊಂಡಿದ್ದಾರೋ, ಕಿತ್ತಾಕಿದ್ದಾರೋ, ನನಗೆ ಒಂದೂ ಸಿಗಲಿಲ್ಲ. ಪರೀಕ್ಷೆ ಮಾಡೋಣ ಅಂತ, "ಆಕ್ಚುಯಲಿ ಸಾರ್..." ಅಂದೆ. ಕಣ್ಣು ಮುಚ್ಚಲಿಲ್ಲ. ನಕ್ಕರು.

ನನ್ನ ಕಥೆ ಮುಗೀತು ಅಂದುಕೊಂಡೆ. ಹೆಣದ ಮೇಲೆ ಯಾರು ತಾನೇ ಸಿಟ್ಟು ಮಾಡ್ಕೋತಾರೆ? ಕೊನೆಗೆ ಕೈ ಕುಲುಕಿ, "ಆಲ್ ದ ಬೆಸ್ಟ್" ಅಂದರು.

ಹೊರಗೆ ಬಂದೆ. ಫಿಟ್ಟರಣ್ಣ ಕಾಯ್ತಿದ್ದ.

"ಕುರ್ಚಿ ಕೊಟ್ರೇನು?"

"ಕೊಟ್ರು."

"ಕಾಫಿ?"

"ಕುಡಿದೆ. ಆಲ್ ದ ಬೆಸ್ಟ್ ಅಂದ್ರು."

"ಬರಾವ್ರಿಗೆ ಯಾರೂ ಆಲ್ ದ ಬೆಸ್ಟ್ ಅನ್ನಂಗಿಲ್ಲೋ ತಮ್ಮಾ" ಅಂತ ಟೋಪಿ ತೆಗೆದ. ಹೋಗೋ ಟ್ರೈನಿಗಳಿಗೆ ಅಂತ ಹುಡುಗರ ಲಾಕರಲ್ಲಿ ಸದಾ ಒಂದು ಗೋಡೆ ಗಡಿಯಾರ ಮಿಂಚು ಕಾಗದ ಸುತ್ತಿಕೊಂಡು ರೆಡಿ ಇರುತ್ತೆ. ಅದನ್ನ ತಂದು ನನ್ನ ಕೈಗಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು. "ನಂಗೇನು, ಪೀಣ್ಯದ ತುಂಬಾ ಫ್ಯಾಕ್ಟರಿಗಳು ಕಾಯ್ತಾ ಇವೆ" ಅಂದೆ.

ಹೆಲ್ಮೆಟ್ಟು, ಐಡಿ ಕಾರ್ಡು ವಾಪಸ್ ಕೊಡೋಕೆ ಸ್ಟೋರ್ಸಿಗೆ ಹೋದೆ. ಸ್ಟೋರ್ ಕೀಪರು ನನ್ನನ್ನ ಮೇಲಿಂದ ಕೆಳಗೆ ನೋಡಿದ.

"ಇದ್ಯಾಕೆ ವಾಪಸ್ಸು? ಪರ್ಮನೆಂಟ್‌ನೋರ ನೀಲಿ ಶರ್ಟು ಕೊಡಿ ಅಂತ ನಿನ್ನ ಹೆಸರಲ್ಲಿ ಫೋನ್ ಬಂದಿದೆ."

"ಮತ್ತೆ ಕುರ್ಚಿ ಕೊಟ್ರಲ್ಲ ಸಾರ್?"

"ಅವರಿಗೆ ಕತ್ತು ಹಿಡ್ಕೊಂಡಿದೆ ಕಣೋ. ನಿಂತೋರ ಮುಖ ನೋಡೋಕಾಗಲ್ಲ. ಬೆಳಗ್ಗೆಯಿಂದ ಎಲ್ಲರನ್ನೂ ಕೂರಿಸ್ತಿದ್ದಾರೆ."

"ಕಾಫಿ?"

"ಅದು ಅವರದ್ದಂತೆ. ನೀನು ಕುಡಿದ್ಬಿಟ್ಟೆ ಅಂತ ಅಕ್ಕ ಇನ್ನೊಂದು ಮಾಡ್ತಾ ಇದಾಳೆ."

ಶಾಪಿಗೆ ಓಡಿ ಬಂದೆ. ಫಿಟ್ಟರಣ್ಣ ತಬ್ಬಿಕೊಂಡ, ಬೆನ್ನು ತಟ್ಟಿದ. ಆಮೇಲೆ ಕೈ ಚಾಚಿದ. "ಗಡಿಯಾರ ಕೊಡು. ಮುಂದ ಹೋಗಾವ್ರಿಗೆ ಬೇಕಾಕ್ಕೈತಿ."

ಕೊಟ್ಟೆ. ನನಗೆ ಕೊನೆಗೆ ಸಿಕ್ಕಿದ್ದು ಎರಡು ನೀಲಿ ಶರ್ಟು, ಎರಡೂ ಒಂದು ಸೈಜು ದೊಡ್ಡವು.